ರದ್ದಾದ ಗಾಡಿ, ಅರಗಿದ ಹೋಳಿಗೆ

ರೈಲಿನವರ ವಿನಯ ಕಂಡರೆ ನನಗೆ ನಾಚಿಕೆಯಾಗುತ್ತದೆ. ಗಾಡಿ ಹೊರಡದಿದ್ದರೂ ಅವರ ಖೇದ ಮಾತ್ರ ತಪ್ಪದೆ ಹೊರಡುತ್ತದೆ, ಅದೂ ಮೂರು ಭಾಷೆಗಳಲ್ಲಿ. ಮೆಟ್ರಿಕ್‌ವರೆಗೆ ಓದಿದ ನಾನು ಒಂದೇ ಭಾಷೆಯಲ್ಲಿ ಕೇಳಬೇಕಾದ ಕ್ಷಮೆ ಇನ್ನೂ ಬಾಕಿಯಿದೆ.

ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯಲ್ಲಿ ಊರಿಗೆ ಹೊರಟವರಿಗೆ ಯಾರೂ 'ಸುಖವಾಗಿ ಹೋಗಿ ಬನ್ನಿ' ಎನ್ನುವುದಿಲ್ಲ. 'ಬ್ಯಾಗಿನಲ್ಲಿ ಜಾಗ ಇದೆಯೇ?' ಎನ್ನುತ್ತಾರೆ. ಕಳೆದ ಮಳೆಗಾಲದಲ್ಲಿ ನಾನು ಹುಬ್ಬಳ್ಳಿಗೆ ಹೊರಟಾಗ ಎದುರುಮನೆಯ ಸುಶೀಲಾ ಒಂದು ಡಬ್ಬಿ ಕೊಟ್ಟಳು. ಒಳಗೆ ಕಾಯಿಹೋಳಿಗೆ. ಹುಬ್ಬಳ್ಳಿಯಲ್ಲಿರುವ ಅವಳ ಮಗಳು ಗೀತಾ ಬಸುರಿ; ತಾಯಿಯ ಕೈಯ ಹೋಳಿಗೆಯೇ ಬೇಕೆಂದು ಹಟ ಹಿಡಿದಿದ್ದಳಂತೆ.

ಕಲ್ಯಾಣ ಸ್ಟೇಷನ್ನಿನಲ್ಲಿ ಕೂತಿದ್ದಾಗ ಘೋಷಣೆಯಾಯಿತು: ವಿಠ್ಠಲವಾಡಿಯಾಚೆ ಹಳಿಯ ಮೇಲೆ ನೀರು, ಗಾಡಿ ರದ್ದು. ಮನೆಗೆ ಮರಳೋಣವೆಂದರೆ ಲೋಕಲ್‌ಗಳಲ್ಲಿ ಕಾಲಿಡಲು ಜಾಗವಿಲ್ಲ. ಬೆಂಚಿನ ಮೇಲೆ ಕೂತು ಗಂಭೀರವಾಗಿ ಆಲೋಚಿಸಿದೆ. ಕಾಯಿಹೋಳಿಗೆ ನಾಳೆಗೆ ಹಳಸುತ್ತದೆ. ಅನ್ನ ಕೆಡಿಸುವುದು ಪಾಪ. ನನಗೆ ಸಕ್ಕರೆ ಕಾಯಿಲೆ ಇದೆ ನಿಜ, ಆದರೆ ಪಾಪಕ್ಕಿಂತ ಕಾಯಿಲೆ ಮೇಲು. ಹೀಗೆ ಬಹಳ ತ್ಯಾಗಬುದ್ಧಿಯಿಂದ, ಒಂದರ ಅಂಚು ಮುರಿದು ಆರಂಭಿಸಿದೆ.

ಡಬ್ಬಿಯ ತಳ ಕಾಣುವಷ್ಟರಲ್ಲಿ ಇನ್ನೊಂದು ಘೋಷಣೆ: ನೀರು ಇಳಿದಿದೆ, ಗಾಡಿ ಬರುತ್ತಿದೆ! ಪ್ಲಾಟ್‌ಫಾರ್ಮೆಲ್ಲ ಚಪ್ಪಾಳೆ ತಟ್ಟಿತು. ನಾನೊಬ್ಬ ತಟ್ಟಲಿಲ್ಲ, ಕೈ ಜಿಡ್ಡಾಗಿತ್ತು.

ಅಷ್ಟರಲ್ಲಿ ಸುಶೀಲಾ ಫೋನು ಮಾಡಿದಳು. "ಕಾಕಾ, ಗಾಡಿ ಬಿಡ್ತಾರಂತ! ಡಬ್ಬಿ ಅಡ್ಡ ಇಡಬ್ಯಾಡ್ರಿ, ತುಪ್ಪ ಸೋರ್ತದ."

"ಇನ್ನ ಸೋರಂಗಿಲ್ಲ ಬಿಡು, ತಂಗಿ."

"ಯಾಕ?"

"ಗಾಡಿ ರದ್ದು ಅಂದ್ರು... ಹಾಳಾಗ್ತಾವಂತ ನಾನs ತಿಂದೆ."

"ಎಲ್ಲಾನೂ?"

"ಒಂದು ಉಳದದ."

"ಅದನ್ನರೆ ಮುಟ್ಟಸ್ರಿ. ಬಾಕಿ ಹೋಳಿಗಿ ಎಲ್ಲಿ ಹೋದ್ವಂತ ಗೀತಾಗ ನೀವs ಹೇಳ್ರಿ. ನಾ ಹೇಳಂಗಿಲ್ಲ."

ಬರ್ತಿನಲ್ಲಿ ಮಲಗಿ ಪ್ರಾರ್ಥಿಸಿದೆ: ಎಂಜಿನ್ ಕೆಡಲಿ, ಸಿಗ್ನಲ್ ಕೆಡಲಿ, ಘಾಟಿನಲ್ಲಿ ಒಂದು ಸಣ್ಣ ಬಂಡೆಯಾದರೂ ಉರುಳಲಿ. ಇಷ್ಟು ವರ್ಷ ಕೇಳದೆಯೇ ವಿಳಂಬ ಕೊಟ್ಟ ದೇವರು ಅಂದು ಕೇಳಿದರೂ ಕೊಡಲಿಲ್ಲ. ಕಳೆದುಕೊಂಡ ಹೊತ್ತನ್ನೆಲ್ಲ ದಾರಿಯಲ್ಲೇ ಹಿಡಿದು ಗಾಡಿ ಸರಿಯಾದ ವೇಳೆಗೆ ಹುಬ್ಬಳ್ಳಿ ಮುಟ್ಟಿತು.

ಬೋಗಿಯ ಬಾಗಿಲೆದುರು ತುಂಬು ಬಸುರಿ ಗೀತಾ ಡಬ್ಬಿಗಾಗಿ ಎರಡೂ ಕೈ ಚಾಚಿ ನಿಂತಿದ್ದಳು. ಜೀವನದಲ್ಲಿ ಯಾರಿಗೂ ದಾರಿ ಬಿಟ್ಟವನಲ್ಲ ನಾನು. ಅಂದು ಮಾತ್ರ ಬದಿಗೆ ಸರಿದು, ಬೋಗಿಯ ಕೊನೆಯ ಪ್ರಯಾಣಿಕನವರೆಗೆ, "ಮೊದಲು ನೀವು ಇಳಿಯಿರಿ" ಎನ್ನುತ್ತ ನಿಂತೆ.