ಬುಖಾರಿಯ ಭಾನುವಾರಗಳು

ಭಾನುವಾರ ಎಂದರೆ ರಜೆ ಎಂದು ನಂಬಿ ಬೆಳಿಗ್ಗೆ ಒಂಬತ್ತರವರೆಗೆ ಮಲಗುವ ಗಂಡಸರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾಲ್ಕು ಚಳಿಗಾಲಗಳ ಭಾನುವಾರಗಳನ್ನು ನಾನು ಒಂದು ಕಬ್ಬಿಣದ ಒಲೆಯ ಬಾಯೊಳಗೆ ತಲೆ ತೂರಿಸಿಕೊಂಡು ಕಳೆದಿದ್ದೇನೆ. ವಾರದ ಐದು ದಿನ ಸರ್ಕಾರಿ ಫೈಲುಗಳ ಧೂಳು, ಆರನೆಯ ದಿನ ತರಕಾರಿ ಚೀಲ, ಏಳನೆಯ ದಿನ ಮಸಿ. ಹೀಗೆ ಬದುಕಿದವನ ಮುಖದಲ್ಲಿ ಕಳೆಯಿಲ್ಲ ಎಂದು ಯಾರಾದರೂ ಹೇಳಿದರೆ ನಾನು ವಾದಿಸುವುದಿಲ್ಲ. ವಾದಿಸುವಷ್ಟು ತ್ರಾಣವೂ ಉಳಿದಿಲ್ಲ.

ಈ ಒಲೆಗೆ ಬುಖಾರಿ ಎಂದು ಹೆಸರು. ಮೂರಡಿ ಎತ್ತರದ ಉರುಟು ಡಬ್ಬಿ. ಹೊಟ್ಟೆಯಲ್ಲಿ ಸೌದೆ ಉರಿಯುತ್ತದೆ, ತಲೆಯಿಂದ ಹೊರಟ ತಗಡಿನ ಕೊಳವೆ ಹೊಗೆಯನ್ನು ಮನೆಯಾಚೆ ಒಯ್ಯುತ್ತದೆ. ಒಯ್ಯಬೇಕು, ಅಷ್ಟೆ. ನನ್ನ ಹೆಂಡತಿ ಲೀಲಾಳ ಅಣ್ಣ ಸೈನ್ಯದಲ್ಲಿ ಸುಬೇದಾರರು. ಕಾಶ್ಮೀರದಿಂದ ಮಡಿಕೇರಿಗೆ ರಜೆಯಲ್ಲಿ ಹೋಗುವಾಗ ದೆಹಲಿಯಲ್ಲಿ ಇಳಿದು, ಲೋಧಿ ಕಾಲೋನಿಯ ನಮ್ಮ ಸರ್ಕಾರಿ ಮನೆಗೆ ಅದನ್ನು ಹೊರಿಸಿಕೊಂಡು ಬಂದರು. ಆ ಜನವರಿಯಲ್ಲಿ ದಿನಾ ಸಂಜೆ ಕರೆಂಟು ಹೋಗುತ್ತಿತ್ತು. ನಮ್ಮ ಹೀಟರು ಮೂಲೆಯಲ್ಲಿ ಅಲಂಕಾರಕ್ಕೆ ಕುಳಿತಿತ್ತು.

"ಲೀಲಾ ಚಳಿ ತಡೆಯೋದಿಲ್ಲ. ಇದಕ್ಕೆ ಕರೆಂಟೂ ಬೇಡ, ಏನೂ ಬೇಡ," ಎಂದರು ಭಾವ. ವೆಂಟಿಲೇಟರಿನ ಗಾಜು ತೆಗೆದು, ಕೊಳವೆಯನ್ನು ಹೊರಕ್ಕೆ ತೂರಿಸಿ, ರೈಲು ಹತ್ತಿದರು. ಏನೂ ಬೇಡದ ಆ ಒಲೆಗೆ ನಾನೊಬ್ಬ ಬೇಕೆಂದು ತಿಳಿದದ್ದು ಎರಡನೆಯ ವಾರ.

ಕಾಲೋನಿಯಲ್ಲಿ ಬೇವಿನ ಮರಗಳ ಕೊಂಬೆ ಕಡಿದಾಗ ಆಯ್ದು ತಂದ ಸೌದೆ ಅದು, ಇನ್ನೂ ಹಸಿ. ಹಸಿ ಸೌದೆ ಸುಟ್ಟರೆ ಕೊಳವೆಯೊಳಗೆ ಡಾಂಬರಿನಂಥ ಜಿಗುಟು ಕೀಲು ಕಟ್ಟುತ್ತದೆಂದು ನನಗೆ ಯಾರು ಹೇಳಬೇಕು? ಹೊಗೆ ಹೊರಗೆ ಹೋಗಲಾರದೆ ಒಳಗೆ ತುಂಬಿತು. ಕಿಟಕಿ ತೆರೆದು ಟವೆಲ್ ಬೀಸಿ ಓಡಿಸಿದೆ. ಹೋದೆಯಾ ಪಿಶಾಚಿ ಅಂದರೆ ಬಂದೆಯಾ ಗವಾಕ್ಷಿಯಲ್ಲಿ ಎನ್ನುವ ಹಾಗೆ ಅದು ವೆಂಟಿಲೇಟರಿನಿಂದ ವಾಪಸು ಬಂತು. ಮೇಲಿನ ಮನೆಯ ತ್ರಿಪಾಠಿಯವರು ಬಾಲ್ಕನಿಯಿಂದ ಬಗ್ಗಿ, "ಅರೇ ಭಾಯಿಸಾಬ್, ಇದು ಮನೆಯಾ, ಇಟ್ಟಿಗೆ ಗೂಡಾ?" ಎಂದು ಹಿಂದಿಯಲ್ಲಿ ಕೂಗಿದರು. ಅವರ ಬಿಳಿ ಪೈಜಾಮ ಹಗ್ಗದ ಮೇಲೆ ಒಣಗುತ್ತಿತ್ತು. ಅದು ಆಮೇಲೆ ಬಿಳಿಯಾಗಲೇ ಇಲ್ಲ.

ಅಂದಿನಿಂದ ಭಾನುವಾರದ ಸೇವೆ ಶುರುವಾಯಿತು. ಬೂದಿ ತೋಡಬೇಕು, ಆದರೆ ಪೂರ್ತಿಯಲ್ಲ. ತಳದಲ್ಲಿ ಒಂದು ಬೆರಳಷ್ಟು ಬಿಟ್ಟರೆ ಕೆಂಡ ನಿಲ್ಲುತ್ತದೆ. ಕೊಳವೆಯ ನಾಲ್ಕು ತುಂಡು ಬಿಚ್ಚಿ, ಬಾಯಿಗೆ ಹಳೆಯ ಪೇಪರು ತುರುಕಿ, ಹೆತ್ತ ಮಗುವನ್ನು ಎತ್ತಿಕೊಂಡಂತೆ ಅಂಗಳಕ್ಕೆ ಒಯ್ದು, ತಂತಿ ಬ್ರಷ್ಷಿನಿಂದ ಉಜ್ಜಬೇಕು. ಮತ್ತೆ ಜೋಡಿಸುವಾಗ ಕಿರಿದಾದ ತುದಿ ಕೆಳಮುಖವಾಗಿರಬೇಕು. ಇದನ್ನು ನಾನು ಕಲಿತದ್ದು ತಲೆಕೆಳಗಾಗಿ ಜೋಡಿಸಿ, ಗೋಡೆಯ ಮೇಲೆ ಕಾಫಿ ಬಣ್ಣದ ಕೀಲು ಇಳಿದ ಮೇಲೆ. ಎಲ್ಲ ಮುಗಿಸಿ ಬಂದರೆ ಮಗಳು ಅನು ಬಾಗಿಲಲ್ಲೇ ತಡೆಯುತ್ತಿದ್ದಳು: "ಪಾಪಾ, ಆಪ್ ಕೋಯಲಾ ಲಗ್ ರಹೇ ಹೋ, ಥೇಟ್ ಇದ್ದಿಲು. ಮೊದಲು ಸ್ನಾನ, ಪ್ಲೀಸ್."

ಬಿಸಾಕಬಾರದಿತ್ತೇ ಎಂದು ನೀವು ಕೇಳುತ್ತೀರಿ. ಹೇಗೆ ಬಿಸಾಕಲಿ? ಅದು ಹೆಂಡತಿಯ ತವರಿನ ಉಡುಗೊರೆ. ಮನೆಗೆ ಬಂದವರಿಗೆಲ್ಲ ಲೀಲಾ, "ನಮ್ಮಣ್ಣ ಕೊಟ್ಟಿದ್ದು," ಎಂದು ಮೊದಲು ತೋರಿಸುತ್ತಿದ್ದದ್ದೇ ಅದನ್ನು. ಮದುವೆಯಾಗಿ ಬಂದ ಮೇಲೆ ದೆಹಲಿಯಲ್ಲಿ ಅವಳಿಗೆ ನಾನು ಕೊಟ್ಟ ಸುಖ ಹೇಳಿಕೊಳ್ಳುವಂಥದ್ದಲ್ಲ. ಇದ್ದ ಒಂದು ಹೆಮ್ಮೆಯನ್ನೂ ಕಸಿದುಕೊಳ್ಳಲು ಮನಸ್ಸು ಬರಲಿಲ್ಲ. ಎಷ್ಟೋ ಸಲ ಹೇಳಿಬಿಡೋಣವೆಂದು ಬಾಯಿ ತೆರೆದೆ. ಕೆಮ್ಮು ಬಂತು, ಮುಚ್ಚಿದೆ.

ನಾಲ್ಕನೆಯ ಚಳಿಗಾಲದ ಒಂದು ಭಾನುವಾರ, ಕೊಳವೆ ಎತ್ತುವಾಗ ನನ್ನ ಸೊಂಟ ಹಿಡಿದುಕೊಂಡಿತು. ಕೊಳವೆ ಕೈಜಾರಿ, ಲೀಲಾ ಆಗತಾನೆ ಮಡಿಸಿಟ್ಟಿದ್ದ ರಜಾಯಿಯ ಮೇಲೆ ವಾರದ ಮಸಿಯನ್ನೆಲ್ಲ ಕಾರಿಕೊಂಡಿತು. ನೆಲದ ಮೇಲೆ ಬಿದ್ದುಕೊಂಡೇ ಕಿರುಚಿದೆ: "ನಿಮ್ಮಣ್ಣನಿಗೆ ಬೇಜಾರಾದರೆ ಆಗಲಿ! ಈ ಮಾರಿ ನನಗೆ ಬೇಡವೇ ಬೇಡ!"

ಕಣ್ಣು ಮುಚ್ಚಿ ಕಾದೆ. ತೆರೆದು ನೋಡಿದರೆ ಲೀಲಾ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಾಳೆ.

"ಇದನ್ನ ಮೊದಲೇ ಹೇಳಬಾರದಿತ್ತಾ? ನಾಲ್ಕು ವರ್ಷದಿಂದ ಪರದೆ ಒಗೆದು ಒಗೆದು ನನ್ನ ರಟ್ಟೆ ಬಿದ್ದುಹೋಗಿದೆ. ಭಾನುವಾರ ಬಂತು ಅಂದ್ರೆ ನೀವು ಅದನ್ನ ಉಜ್ಜೋದೇನು, ಸವರೋದೇನು! ಅಷ್ಟು ಇಷ್ಟಪಡೋದನ್ನ ತೆಗೀರಿ ಅಂತ ಯಾವ ಬಾಯಲ್ಲಿ ಹೇಳಲಿ?"

"ಇಷ್ಟ? ನನಗೆ?"

"ಮತ್ತೆ? ಅದಕ್ಕೆ ಕರಿ ಪಾಲಿಶ್ ಹಚ್ಚಿ ಅಂತ ಅಣ್ಣ ಹೇಳಿದ್ರಾ?"

ಹೇಳಿರಲಿಲ್ಲ. ನಾನು ಸೊಂಟ ಹಿಡಿದುಕೊಂಡು ನರಳಿದೆ. ನಿಜ ಹೇಳಬೇಕೆಂದರೆ ದುಃಖವೂ ಆಗಿತ್ತು. ಒಬ್ಬರಿಗೊಬ್ಬರು ನೋವಾಗದಿರಲೆಂದು ಇಬ್ಬರೂ ಸೇರಿ ನಾಲ್ಕು ವರ್ಷ ಹೊಗೆ ಕುಡಿದಿದ್ದೆವು. ಸಂಜೆ ಲೀಲಾ ಹೆದರುತ್ತ ಹೆದರುತ್ತ ಅಣ್ಣನಿಗೆ ಫೋನು ಮಾಡಿದಳು. ಅವರು, "ಅಚ್ಛಾ, ಅದಿನ್ನೂ ಇದೆಯಾ?" ಎಂದರಂತೆ.

ಬುಖಾರಿಯನ್ನು ಕೇಳಿ ಪಡೆದವರು ಯಾರೆನ್ನುತ್ತೀರಿ, ತ್ರಿಪಾಠಿಯವರೇ. ಹೊಗೆ ಕೆಳಗಿನಿಂದ ಬರುವುದಕ್ಕಿಂತ ತಮ್ಮ ಮನೆಯಿಂದಲೇ ಹೊರಡುವುದು ಮರ್ಯಾದೆ ಎಂದುಕೊಂಡರೋ ಏನೋ. ನಾಲ್ಕು ಜನ ಸೇರಿ ಮೆಟ್ಟಿಲು ಹತ್ತಿಸಿದರು. ನಾನು ಎರಡು ಭಾನುವಾರ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ರಾಜನ ಹಾಗೆ ಮಲಗಿದೆ.

ಮೂರನೆಯ ಭಾನುವಾರ ಬೆಳಿಗ್ಗೆ ಮೇಲಿನಿಂದ ಢಣ್ ಢಣ್ ಎಂದು ಸದ್ದು. ತ್ರಿಪಾಠಿಯವರು ಕೋಲಿನಿಂದ ಕೊಳವೆ ಬಡಿಯುತ್ತಿದ್ದರು. ಕೊಳವೆಯನ್ನು ಬಡಿಯಬಾರದು, ತಗಡಿನ ಅಂಚು ಬಿಡುತ್ತದೆ. ನನಗೇನು ಎಂದುಕೊಂಡು ರಜಾಯಿ ಮುಖಕ್ಕೆ ಎಳೆದುಕೊಂಡೆ. ಮತ್ತೆ ಢಣ್. ಕಿವಿ ಮುಚ್ಚಿಕೊಂಡೆ. ಮತ್ತೆ ಢಣ್.

"ಐದು ನಿಮಿಷ, ಒಂದು ಮಾತು ಹೇಳಿ ಬರ್ತೀನಿ," ಎಂದು ಚಪ್ಪಲಿ ಮೆಟ್ಟಿದೆ.

ಇಳಿದು ಬಂದಾಗ ಊಟದ ಹೊತ್ತು ಮೀರಿತ್ತು. ಬಾಗಿಲು ತೆರೆದ ಲೀಲಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಚ್ಚಲಿನ ಕಡೆ ಕೈ ತೋರಿಸಿದಳು.

"ಇನ್ನು ಪ್ರತಿ ಭಾನುವಾರಾನೂ ಹೋಗ್ತೀರಾ?"

"ಛೆ ಛೆ, ಇಲ್ಲ," ಎಂದೆ. "ಭಾನುವಾರದ ರಜೆ ಹಾಳಾಗೋದು ತ್ರಿಪಾಠಿಯವರಿಗೆ ಇಷ್ಟವಿಲ್ಲವಂತೆ. ಶನಿವಾರ ಬರ್ತೀನಿ ಅಂದಿದ್ದೀನಿ."