ಹನ್ನೊಂದನೇ ಸಾಲಿನ ಹದಿನಾಲ್ಕನೇ ಕುರ್ಚಿ

ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತ ಗಂಡಸಿಗೆ ಮುಖ್ಯವಾದ ಮಾತು ಹೇಳಬಾರದು. ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಇಷ್ಟೇ.

ಕನ್ನಡಕದ ಅಂಗಡಿಯವನು ಒಂದು ಕೆನ್ನೆ ಹೆರೆದುಕೊಂಡು, ಹಬೆ ಕಟ್ಟಿದ ಬಚ್ಚಲ ಕನ್ನಡಿಯ ಮೇಲೆ ಬೆರಳಿನಿಂದ ಫುಟ್‌ಬಾಲ್ ಲೀಗಿನ ಅಂಕಗಳನ್ನು ಕೂಡಿಸುತ್ತಿದ್ದ. ಅವನ ಹೆಂಡತಿ ಸ್ಕೂಲ್ ಟೀಚರು. ಪರೀಕ್ಷೆಯ ಡ್ಯೂಟಿಗೆ ಹೊರಟವಳು ಬಾಗಿಲಲ್ಲಿ ನಿಂತು ಹೇಳಿದಳು:

"ರೀ, ನಿಮ್ಮ ಕ್ಲಬ್ಬಿನ ಕಾಗದ ಎಷ್ಟು ದಿನ ಅಂತ ಖಾನೆಯಲ್ಲಿ ಕೊಳೀಬೇಕು? ಹೋಗ್ತಾ ಅವರ ಪೆಟ್ಟಿಗೆಗೆ ಹಾಕಿಬಿಡ್ತೀನಿ. ಆಗಬಹುದಾ?"

"ಡ್ರಾ ಆದ್ರೂ ಸಾಕು," ಎಂದ ಅವನು, ಕನ್ನಡಿಗೆ. ಹೆಂಡತಿ ಅದನ್ನೇ ಒಪ್ಪಿಗೆ ಎಂದುಕೊಂಡು ಹೋದಳು.

ಹಿಂದಿನ ಒಂದು ವರ್ಷದ ಕತೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಲೀಗು ಶುರುವಾದಾಗ ಅವನ ತಂಡ ಸತತವಾಗಿ ಐದು ಪಂದ್ಯ ಗೆದ್ದಿತ್ತು. ಆ ದಿನಗಳಲ್ಲಿ ಕಣ್ಣು ಪರೀಕ್ಷೆಗೆ ಬಂದವರಿಗೆಲ್ಲ ಅವನು ಗೋಡೆಯ ಅಕ್ಷರಗಳ ಬದಲು ಲೀಗಿನ ಅಂಕಪಟ್ಟಿಯನ್ನೇ ಓದಿಸುತ್ತಿದ್ದ. ಮೊದಲ ಸಾಲಿನಲ್ಲಿ ಅವನ ತಂಡವಿರುತ್ತಿತ್ತು. ಅದನ್ನು ಓದಿದವರಿಗೆ ಕಣ್ಣು ಚೆನ್ನಾಗಿದೆ ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದ. ಆಮೇಲೆ ನಾಯಕನ ಮೊಣಕಾಲು ತಿರುಚಿತು. ಸಾಲಾಗಿ ಒಂಬತ್ತು ಸೋಲು. ಒಂಬತ್ತನೆಯ ಸೋಲಿನಲ್ಲಿ ಗೋಲ್‌ಕೀಪರು ಕೈಗೆ ಸಿಕ್ಕಿದ್ದ ಚೆಂಡನ್ನು ದೂರ ಎಸೆಯಲು ಹೋಗಿ, ಅದು ಕೈಜಾರಿ ಹಿಂದಕ್ಕೆ ಹಾರಿ ತನ್ನದೇ ಬಲೆಗೆ ಬಿತ್ತು. ಆ ಸಂಜೆ ಕನ್ನಡಕದವನು ಮನೆಗೆ ಬಂದವನೇ ಮೂರು ಪುಟದ ಕಾಗದ ಬರೆದ. ಹದಿನೇಳು ವರ್ಷದಿಂದ ತನ್ನದಾಗಿರುವ ಹನ್ನೊಂದನೇ ಸಾಲಿನ ಹದಿನಾಲ್ಕನೇ ಕುರ್ಚಿಯನ್ನು ಈ ಕ್ಷಣದಿಂದ ಬಿಟ್ಟುಕೊಟ್ಟಿದ್ದೇನೆ ಎಂದು ಶುರುಮಾಡಿದ್ದ. ಕೋಚಿಗೆ ಬುದ್ಧಿಯಿಲ್ಲ, ಗೋಲ್‌ಕೀಪರಿಗೆ ಕೈಯಿಲ್ಲ, ಕ್ಲಬ್ಬಿನ ಕಾರ್ಯದರ್ಶಿಗೆ ಕಣ್ಣಿಲ್ಲ, ಆ ಕಣ್ಣಿಗೆ ಕನ್ನಡಕ ಕೊಟ್ಟ ನನಗೆ ನಾಚಿಕೆಯಾಗುತ್ತಿದೆ ಎಂದೆಲ್ಲ ಕಾರಿಕೊಂಡಿದ್ದ. ಹೆಂಡತಿ ಅದನ್ನು ಇಸಿದುಕೊಂಡು, ನಾಳೆ ಹಾಕಿದರಾಯಿತು ಎಂದು ಮೇಜಿನ ಖಾನೆಯಲ್ಲಿಟ್ಟಳು.

ಆ ನಾಳೆಯಿಂದಲೇ ತಂಡಕ್ಕೆ ಜೀವ ಬಂತು. ಬದಲಿ ಗೋಲ್‌ಕೀಪರು ಬಂದ. ಒಂದು ಡ್ರಾ, ಒಂದು ಗೆಲುವು, ಮತ್ತೆ ಎರಡು ಗೆಲುವು. ಕಾಗದದ ವಿಷಯ ಕನ್ನಡಕದವನಿಗೆ ಮರೆತೇಹೋಯಿತು. ಈಗ ಉಳಿದಿದ್ದದ್ದು ಕೊನೆಯ ಪಂದ್ಯ, ಸಂಜೆ ನಾಲ್ಕಕ್ಕೆ. ಡ್ರಾ ಆದರೂ ತಂಡ ಮೇಲಿನ ಲೀಗಿನಲ್ಲೇ ಉಳಿಯುತ್ತದೆ. ಸೋತರೆ ಕೆಳಗಿನ ಲೀಗು.

ಅಂಗಡಿಯ ಬಾಗಿಲು ತೆಗೆದು, ಗಾಜು ಒರೆಸುವ ಬಟ್ಟೆಯನ್ನು ಕೈಗೆತ್ತಿಕೊಂಡಾಗ ಹೆಂಡತಿಯ ಮಾತು ಅವನ ಕಿವಿಯಿಂದ ಮಿದುಳಿಗೆ ತಲುಪಿತು. ಬಾಗಿಲು ತೆರೆದೇ ಬಿಟ್ಟು ಮನೆಗೆ ಓಡಿ ಖಾನೆ ಎಳೆದು ನೋಡಿದ. ಹಳೆಯ ರಸೀದಿ, ಗುಂಡಿ, ತುಂಡು ಸೀಸದಕಡ್ಡಿ ಎಲ್ಲ ಇದ್ದವು, ಕಾಗದ ಇರಲಿಲ್ಲ. ಹೆಂಡತಿಗೆ ಫೋನು ಮಾಡಿದ. ಪರೀಕ್ಷೆಯ ಕೋಣೆಯಲ್ಲಿ ಫೋನು ಆಫ್.

ವಾಪಸು ಬರುವಷ್ಟರಲ್ಲಿ ಪಕ್ಕದ ಔಷಧಿ ಅಂಗಡಿಯವನು ಕನ್ನಡಕದ ಅಂಗಡಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಬೇರೆಯವರ ಕಷ್ಟ ಅವನಿಗೆ ಬೆಲ್ಲ. ಎಲ್ಲಿದ್ದರೂ ಇರುವೆಯಂತೆ ವಾಸನೆ ಹಿಡಿಯುತ್ತಿದ್ದ. ಆದರೆ ಕೆಟ್ಟವನಲ್ಲ. ವಿಷಯ ಕೇಳಿ, ನೇರವಾಗಿ ಹೋಗಿ ವಾಪಸು ಕೇಳಬಾರದೇ ಎಂದ. ಕನ್ನಡಕದವನು ತಲೆಯಾಡಿಸಿದ. ಕಾರ್ಯದರ್ಶಿ ಮೇಡಂ ಅಂದರೆ ಕಾನೂನಿಗೆ ಸೀರೆ ಉಡಿಸಿದ ಹಾಗೆ. ಪೆಟ್ಟಿಗೆಗೆ ಬಿದ್ದ ಕಾಗದವನ್ನು ಅವರು ಕ್ಲಬ್ಬಿನ ಅಧ್ಯಕ್ಷರಿಗೇ ವಾಪಸು ಕೊಟ್ಟಿರಲಿಲ್ಲ. ಮೇಲಾಗಿ ಕಾಗದದಲ್ಲಿ ಅವರ ಕಣ್ಣಿನ ಸುದ್ದಿ ಇದೆ.

"ಓದಿದ್ರೆ ತಾನೇ ತೊಂದ್ರೆ? ಓದದ ಹಾಗೆ ಮಾಡು," ಎಂದ ಔಷಧಿಯವನು. "ಕನ್ನಡಕ ಯಾರು ಮಾಡಿಕೊಟ್ಟದ್ದು? ನೀನೇ ತಾನೇ. ಕಡ್ಡಿ ಸಡಿಲ ಆಗಿದೆ ಅಂತ ಒಂದ್ಸಲ ಕೈಗೆ ಇಸ್ಕೋ. ಅಷ್ಟರಲ್ಲಿ ಕಾಗದ ಎತ್ಕೋ."

ಮುಳುಗುವವನಿಗೆ ಹುಲ್ಲುಕಡ್ಡಿ, ಇವನಿಗೆ ಕನ್ನಡಕದ ಕಡ್ಡಿ. ಇಬ್ಬರೂ ಔಷಧಿಯವನ ಸ್ಕೂಟರ್ ಹತ್ತಿದರು. ಅದು ಅರ್ಧ ದಾರಿ ಇವರನ್ನು ಹೊತ್ತಿತು, ಉಳಿದರ್ಧ ಇವರು ಅದನ್ನು ತಳ್ಳಿದರು.

ಕ್ರೀಡಾಂಗಣದ ಗೇಟಿನಲ್ಲಿ ಕಾವಲುಗಾರ ತಡೆದ. ಪಂದ್ಯ ಇರುವುದು ನಾಲ್ಕಕ್ಕೆ, ಈಗ ಹನ್ನೆರಡೂ ಆಗಿಲ್ಲ ಎಂದ. ಕನ್ನಡಕದವನು ಬಾಯಿ ತೆರೆಯುವ ಮೊದಲೇ ಔಷಧಿಯವನು, ಇವರು ಕಣ್ಣಿನ ತಜ್ಞರು, ಮೇಡಂ ಅವರೇ ಕರೆಸಿದ್ದಾರೆ ಎಂದುಬಿಟ್ಟ. ಕಾವಲುಗಾರನ ಮುಖ ಅರಳಿತು. ತನಗೂ ಎಡಗಣ್ಣಿನಲ್ಲಿ ಮಂಜು, ಹೇಗೂ ಬಂದಿದ್ದೀರಿ, ನೋಡಿಬಿಡಿ ಎಂದ. ಬೇರೆ ದಾರಿಯಿಲ್ಲದೆ ಅವನ ಒಂದು ಕಣ್ಣು ಮುಚ್ಚಿಸಿ ಎದುರು ಗೋಡೆಯ ಜಾಹೀರಾತು ಓದಿಸಬೇಕಾಯಿತು. ಅಷ್ಟರಲ್ಲಿ ಟಿಕೆಟ್ ಕೊಡುವವಳು ಬಂದಳು. ಹುಲ್ಲು ಕತ್ತರಿಸುವವನು ಬಂದ. ಅವನ ಹಿಂದೆ ಇನ್ನಿಬ್ಬರು ನಿಂತರು. ಒಂದು ಗಂಟೆ ಹೊತ್ತು ಕನ್ನಡಕದವನು ಗೇಟಿನಲ್ಲೇ ಪುಕ್ಕಟೆ ಕಣ್ಣಿನ ಶಿಬಿರ ನಡೆಸಿದ. ಔಷಧಿಯವನು ಸಾಲು ನೋಡಿಕೊಂಡ.

ಕೊನೆಗೂ ಒಳಗೆ ಹೋದಾಗ ಕಾರ್ಯದರ್ಶಿ ಮೇಡಂ ಅಂದಿನ ಟಪಾಲನ್ನು ಮೇಜಿನ ಮೇಲೆ ಸುರಿದುಕೊಂಡು, ಕತ್ತರಿ ಹಿಡಿದು ಕೂತಿದ್ದರು. ಗುಡ್ಡೆಯ ನಡುವೆ ಹೆಂಡತಿಯ ದುಂಡು ಅಕ್ಷರದ ವಿಳಾಸವಿದ್ದ ಲಕೋಟೆ ಅವನಿಗೆ ಬಾಗಿಲಿನಿಂದಲೇ ಕಂಡಿತು.

ಈ ದಾರಿಯಲ್ಲಿ ಹೋಗುತ್ತಿದ್ದೆ, ನಿಮ್ಮ ಕನ್ನಡಕದ ಕಡ್ಡಿ ಸ್ವಲ್ಪ ಓರೆಯಾದಂತಿದೆ ಎಂದು ತೊದಲಿದ. ಅವರು ಸಂತೋಷದಿಂದಲೇ ತೆಗೆದುಕೊಟ್ಟರು. ಸಣ್ಣ ತಿರುಪುಳಿಯಿಂದ ಸುಮ್ಮನೆ ತಿರುಗಿಸುವ ನಾಟಕವಾಡಲು ಹೋದ. ಕಣ್ಣು ಮಾತ್ರ ಲಕೋಟೆಯ ಮೇಲೇ ಇತ್ತು. ಸಾಸಿವೆ ಕಾಳಿನಷ್ಟಿದ್ದ ಸ್ಕ್ರೂ ಹಾರಿ ಬೀರುವಿನ ಅಡಿಗೆ ಹೋಯಿತು. ನಾಟಕ ನಿಜವಾಯಿತು.

"ಅಯ್ಯೋ, ಈಗ ಟಪಾಲು ನೋಡೋದು ಹೇಗೆ?" ಎಂದರು ಮೇಡಂ. ಒಂದು ಕ್ಷಣ ಯೋಚಿಸಿ, "ನೀವೇ ಒಂದೊಂದಾಗಿ ಓದಿ ಹೇಳಿ. ನಮ್ಮ ಹಳೇ ಮೆಂಬರು, ನಿಮ್ಮಿಂದ ಮುಚ್ಚಿಡೋದೇನಿದೆ," ಎಂದರು.

ಬೆಕ್ಕಿನ ಕೈಗೆ ಹಾಲಿನ ಪಾತ್ರೆ ಸಿಕ್ಕಿತು. ಆದರೆ ಬೆಕ್ಕು ಬೆವರುತ್ತಿತ್ತು. ಮೊದಲನೆಯದು ಶೌಚಾಲಯದ ನಲ್ಲಿಯ ಬಗ್ಗೆ ದೂರು. ಎರಡನೆಯದರಲ್ಲಿ ಯಾರೋ ತಾಯಿ ಬದಲಿ ಗೋಲ್‌ಕೀಪರಿಗೆ ತನ್ನ ಮಗಳನ್ನು ಕೊಡುವ ಪ್ರಸ್ತಾಪ ಮಾಡಿದ್ದರು. ಮೂರನೆಯದಕ್ಕೆ ಕೈ ಹಾಕುವಾಗ ಅವನು ಹೆಂಡತಿಯ ಅಕ್ಷರದ ಲಕೋಟೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ.

ಮೇಡಂ ಕಣ್ಣು ಕಿರಿದು ಮಾಡಿ, ಅದ್ಯಾವುದು ಎಂದು ಕೇಳಿದರು. ಬಾಯಿಗೆ ಬಂದದ್ದು ಹೇಳಿದ: ಹುಲ್ಲು ಕತ್ತರಿಸುವ ಯಂತ್ರದ ಜಾಹೀರಾತು. ಮೇಡಂ ಮುಂದಕ್ಕೆ ಬಾಗಿದರು. ಕ್ಲಬ್ಬಿನ ಯಂತ್ರ ಕೆಟ್ಟು ತಿಂಗಳಾಗಿತ್ತಂತೆ. ಪೂರ್ತಿ ಓದಿ ಎಂದರು. ಜೀವಮಾನದಲ್ಲಿ ಹುಲ್ಲು ಕತ್ತರಿಸದ ಮನುಷ್ಯ, ಒಡೆಯದ ಲಕೋಟೆಯನ್ನು ಕಣ್ಣೆದುರು ಹಿಡಿದು, ಸದ್ದಿಲ್ಲದ, ಹೊಗೆಯಿಲ್ಲದ, ಮಳೆಯಲ್ಲೂ ಓಡುವ ಒಂದು ಯಂತ್ರವನ್ನು ಎರಡು ನಿಮಿಷ ವರ್ಣಿಸಿದ. ಫೋನ್ ನಂಬರು ಕೇಳಿದಾಗ ಔಷಧಿ ಅಂಗಡಿಯ ನಂಬರನ್ನೇ ಕೊಟ್ಟ. ಜಾಹೀರಾತನ್ನು ಫೈಲಿಗೆ ಹಾಕುತ್ತೇನೆ, ಕೊಡಿ ಎಂದು ಅವರು ಕೈ ಚಾಚಿದಾಗ ಶೌಚಾಲಯದ ದೂರನ್ನು ಮಡಿಸಿ ಕೈಗಿಟ್ಟ. ಲಕೋಟೆ ಅಂಗಿಯೊಳಗೆ ಹೋಯಿತು.

ಉಳಿದ ಟಪಾಲನ್ನೂ ಓದಿ ಹೇಳಿ, ಆಮೇಲೆ ನೆಲದ ಮೇಲೆ ಬೋರಲು ಮಲಗಿ, ಬೀರುವಿನ ಅಡಿಯ ವರ್ಷಗಳ ಧೂಳು ಬಳಿದು ಸ್ಕ್ರೂ ಹುಡುಕಿ, ಕನ್ನಡಕ ಸರಿಮಾಡಿ ಕೊಟ್ಟು ಹೊರಗೆ ಬಂದ.

ಗೋಡೆಯ ಮರೆಯಲ್ಲಿ ಔಷಧಿಯವನು ಕಾಯುತ್ತಿದ್ದ. ಲಕೋಟೆಯನ್ನು ಕಸಿದುಕೊಂಡು, ಒಂದ್ಸಲ ಒಡೆದು ನೋಡೋದು ಬೇಡವೇ ಎಂದು ಕೇಳಿದ.

"ಬರೆದವನು ನಾನು. ಬಾಯಿಪಾಠ ಇದೆ. ಹರಿದು ಬಿಸಾಕು," ಎಂದ ಕನ್ನಡಕದವನು.

ಔಷಧಿಯವನು ಹರಿದ. ಪುಡಿ ಪೊಟ್ಟಣ ಕಟ್ಟಿ ಪಳಗಿದ ಕೈ. ಎರಡು, ನಾಲ್ಕು, ಎಂಟು, ಹದಿನಾರು ಚೂರು ಮಾಡಿ ಚರಂಡಿಯ ನೀರಿಗೆ ಬಿಟ್ಟ. ಚೂರುಗಳು ಕಣ್ಮರೆಯಾಗುವವರೆಗೆ ಇಬ್ಬರೂ ನಿಂತು ನೋಡಿದರು. ಕನ್ನಡಕದವನಿಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು.

ನಾಲ್ಕಕ್ಕೆ ಪಂದ್ಯ ಶುರುವಾಯಿತು. ಅವನು ತನ್ನ ಕುರ್ಚಿಯಲ್ಲಿ, ಔಷಧಿಯವನು ಎಂದಿನಂತೆ ಕೆಳಗೆ, ನಿಂತು ನೋಡುವವರ ಜಾಗದಲ್ಲಿ. ಎದುರಾಳಿಗಳು ಮೊದಲು ಒಂದು ಗೋಲು ಹೊಡೆದರು. ಎಪ್ಪತ್ತನೇ ನಿಮಿಷಕ್ಕೆ ಇವರು ಸಮ ಮಾಡಿಕೊಂಡರು. ಕೊನೆಯ ನಿಮಿಷದಲ್ಲಿ ಎಡಗಡೆಯ ಗೋಲಿನ ಮುಂದೆ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಕನ್ನಡಕದವನು ಪಕ್ಕದ ಅಪರಿಚಿತನ ತೋಳು ಹಿಡಿದುಕೊಂಡ. ಬದಲಿ ಗೋಲ್‌ಕೀಪರು ಬಲಕ್ಕೆ ಹಾರಿದ. ಚೆಂಡು ನಡುವೆ ಬಂತು. ಹಾರುವಾಗ ಹಿಂದೆ ಉಳಿದ ಅವನ ಕಾಲಿಗೆ ಬಡಿದು ಹೊರಗೆ ಹೋಯಿತು. ಕೊನೆಯ ಸೀಟಿ ಮೊಳಗಿತು. ತಂಡ ಉಳಿಯಿತು. ಒಂದು ವರ್ಷದಿಂದ ಹಿಡಿದಿಟ್ಟಿದ್ದ ಉಸಿರನ್ನು ಕನ್ನಡಕದವನು ಆಗ ಬಿಟ್ಟ. ಅಪರಿಚಿತನ ಹೆಗಲಿನ ಮೇಲೆ ತಲೆಯಿಟ್ಟು ಸ್ವಲ್ಪ ಅತ್ತ ಕೂಡ.

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ತಂಡ ಉಳಿಯಿತೇ ಎಂದು ಕೇಳಿದಳು. ಉಳಿಯಿತು ಎಂದ.

"ಸದ್ಯ. ಸೀಟೂ ಉಳೀತು ಬಿಡಿ. ಹೋದ ತಿಂಗಳು ಸಹಿ ಹಾಕಿ ಕೊಟ್ಟಿದ್ರಲ್ಲ, ಮುಂದಿನ ವರ್ಷಕ್ಕೂ ಸೀಟು ಮುಂದುವರಿಸೋ ಅರ್ಜಿ. ನಿಮ್ಮ ಫೋಟೋ ಸಿಗದೆ ಖಾನೆಯಲ್ಲೇ ಇತ್ತು. ಇವತ್ತು ನಾಲ್ಕು ಗಂಟೆ ಒಳಗೆ ಸೇರಬೇಕಿತ್ತು, ಬೆಳಗ್ಗೆ ಹಾಕಿದೆ."

ಅರ್ಜಿ ಹೋಗಿ ತಿಂಗಳಾಯಿತೆಂದೇ ಅವನು ತಿಳಿದಿದ್ದ. ಹಾಗಾದರೆ ಸಿಟ್ಟಿನಲ್ಲಿ ಬರೆದ ಆ ಕಾಗದ ಎಲ್ಲಿ ಎಂದು ಕೇಳಿದ.

"ಅದಾ? ಮಾರನೇ ದಿನವೇ ಹರಿದು ಹಾಕ್ದೆ. ನಿಮ್ಮ ಸಿಟ್ಟು ನನಗೆ ಗೊತ್ತಿಲ್ವಾ?"

ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಕಚೇರಿಗೆ ಓಡಿದ. ಮೇಡಂ ದಾಖಲೆ ಪುಸ್ತಕಕ್ಕೆ ದಾರ ಕಟ್ಟುತ್ತಿದ್ದರು. ಇವನನ್ನು ಕಂಡು ಮರುಕಪಟ್ಟರು. ಎಲ್ಲರ ಅರ್ಜಿ ಬಂದಿದೆ, ನಿಮ್ಮದೊಂದೇ ಬರಲಿಲ್ಲ ಎಂದರು.

"ಬೆಳಗಿನ ಟಪಾಲಿನಲ್ಲಿ ಇರಬಹುದು ಅಂತ ಕಾದೆ. ಆದರೆ ಅದನ್ನೆಲ್ಲ ನೀವೇ ಓದಿ ಹೇಳಿದ್ರಲ್ಲ."

ನಿಯಮದಂತೆ ಕುರ್ಚಿ ಕಾಯುವವರ ಪಟ್ಟಿಯ ಮೊದಲ ಹೆಸರಿಗೆ ಹೋಗಿತ್ತು. ಪಂದ್ಯದ ಮಧ್ಯಂತರದಲ್ಲೇ ಚೀಟಿ ಕೊಟ್ಟೂ ಆಗಿತ್ತು. ಬೇಕಾದರೆ ಪಟ್ಟಿಯ ಕೊನೆಗೆ ಹೆಸರು ಬರೆದುಕೊಳ್ಳುತ್ತೇನೆ, ಒಂಬತ್ತು ವರ್ಷದೊಳಗೆ ಸಿಗಬಹುದು ಎಂದರು ಮೇಡಂ. ಬರೆದುಕೊಳ್ಳಿ ಎಂದು ಹೊರಗೆ ಬಂದ.

ಹೊರಗಿನ ಮೆಟ್ಟಿಲ ಮೇಲೆ ಔಷಧಿಯವನು ಚೀಟಿ ಹಿಡಿದು ನಿಂತಿದ್ದ. ಒಂಬತ್ತು ವರ್ಷದ ಹಿಂದೆ ಪಟ್ಟಿಗೆ ಹೆಸರು ಕೊಟ್ಟಿದ್ದನಂತೆ. ಯಾವ ಕುರ್ಚಿ ಎಂದು ಓದಿದ ಮೇಲೆ ಅವನಿಗೂ ಎಲ್ಲ ಅರ್ಥವಾಗಿತ್ತು. ದುಃಖದ ಮುಖ ಮಾಡಲು ಬಹಳ ಕಷ್ಟಪಡುತ್ತಿದ್ದ. ತುಟಿಗಳು ಮಾತ್ರ ಕಿವಿಗಳ ಕಡೆಗೆ ಹೊರಟಿದ್ದವು. ಚೀಟಿ ವಾಪಸು ಮಾಡಲೇ ಎಂದು ಕೇಳಿದ. ಮಾಡಿದರೆ ಅದು ಪಟ್ಟಿಯ ಎರಡನೆಯವನಿಗೆ ಹೋಗುತ್ತದೆಂದು ಇಬ್ಬರಿಗೂ ತಿಳಿದಿತ್ತು. ಇಟ್ಟುಕೋ ಎಂದ ಕನ್ನಡಕದವನು. ಆಶ್ಚರ್ಯವೆಂದರೆ ಅವನಿಗೆ ಸಿಟ್ಟು ಬರಲಿಲ್ಲ. ತಂಡ ಉಳಿದಿದೆ, ಮುಂದಿನ ವರ್ಷ ನಿಂತಾದರೂ ನೋಡಬಹುದು.

ಔಷಧಿಯವನು ಚೀಟಿಯನ್ನು ಜೇಬಿಗಿಳಿಸಿ, ಸಂಕೋಚದಿಂದ ಕೇಳಿದ:

"ನೀನು ಕಚೇರಿ ಕಡೆ ಓಡಿದ ಮೇಲೆ ಹೋಗಿ ಕೂತು ನೋಡಿದೆ ಕಣೋ. ಎದುರಿಗೇ ಒಂದು ದೊಡ್ಡ ಕಂಬ ಇದೆ. ಬಲಗಡೆ ಗೋಲು ಕಾಣೋದೇ ಇಲ್ಲ. ಹದಿನೇಳು ವರ್ಷ ಹೇಗೆ ನೋಡ್ದೆ?"

"ಕಂಬ ಇದ್ದದ್ದಕ್ಕೇ ನೋಡ್ದೆ. ನಾವು ತಿಂದ ಗೋಲುಗಳಲ್ಲಿ ಅರ್ಧ ನನ್ನ ಕಣ್ಣಿಗೆ ಬಿದ್ದಿಲ್ಲ," ಎಂದ ಕನ್ನಡಕದವನು. ಆಮೇಲೆ ಕೆಳಗೆ, ನಿಂತು ನೋಡುವವರ ಬಯಲು ಜಾಗದ ಕಡೆ ತಿರುಗಿ ನಿಟ್ಟುಸಿರು ಬಿಟ್ಟ. "ಇನ್ಮೇಲೆ ಎಲ್ಲಾ ಪೂರ್ತಿ ಕಾಣತ್ತೆ."