ಸ್ಟೇರಿಂಗ್ ಇಲ್ಲದ ಬಲೂನೂ ನನ್ನ ಹೆಣ್ಣು ನೋಡೋ ಶಾಸ್ತ್ರವೂ

ಬಿಸಿಗಾಳಿ ಬಲೂನು ಮೇಲೆ ಹೋಗ್ತಿದ್ರೆ ಕೆಳಗೆ ಅದರ ಹಿಂದೆ ಜೀಪ್ ಓಡಿಸೋದು ನನ್ನ ಕೆಲಸ. ಅದು ಎಲ್ಲಿ ಇಳಿಯುತ್ತೋ ಆ ಹೊಲದವರ ಕೈಕಾಲು ಹಿಡಿದು, ಬಲೂನನ್ನೂ ಜನರನ್ನೂ ಹೇರಿಕೊಂಡು ಬರಬೇಕು. ನಗೋ ಪ್ರಸಂಗಗಳನ್ನ ನಾನು ಹುಡುಕೋದೇ ಬೇಡ, ಅವೇ ಬಂದು ತಲೆ ಮೇಲೆ ಇಳೀತವೆ. ಆದ್ರೆ ಮೂವತ್ತೆರಡಾದ್ರೂ ನನಗೆ ಹೆಣ್ಣು ಸಿಗದೇ ಇದ್ದದ್ದಕ್ಕೆ ಈ ಬಲೂನೇ ಕಾರಣ ಅಂತ ನಮ್ಮವ್ವನ ದೂರು.

೧. ರೊಟ್ಟಿ ಯಾಕೆ ಹಾರಲ್ಲ?

"ಅದ್ಯಾವ ಗ್ಯಾಸ್ ತುಂಬ್ತೀರ್ಲಾ ಒಳಗೆ?" ಅಂದಳು ಅವ್ವ.

"ಗ್ಯಾಸು ಉರಿಸೋಕಷ್ಟೆ ಕಣವ್ವ. ಒಳಗಿರೋದು ಬರೀ ಗಾಳಿ. ಕಾದ್ರೆ ಹಿಗ್ಗಿ ಹಗುರಾಯ್ತದೆ, ಸುತ್ತಲಿನ ತಣ್ಣನೆ ಗಾಳಿ ಅದನ್ನ ಮೇಲಕ್ಕೆ ಎತ್ತುತ್ತದೆ."

ಅವ್ವ ಒಲೆ ಮೇಲೆ ಉಬ್ಬಿದ ರೊಟ್ಟಿ ನೋಡಿದಳು. "ಅಂಗಾರೆ ಇದ್ಯಾಕ್ಲಾ ಹಾರಲ್ಲ?"

"ಬಲೂನಿನ ಬಟ್ಟೆ ತೆಳ್ಳಗೆ, ಒಳಗೆ ಮನೆ ತುಂಬುವಷ್ಟು ಗಾಳಿ. ರೊಟ್ಟೀಲಿ ಗಾಳಿ ಒಂದ್ ಚೂರು, ಭಾರ ಜಾಸ್ತಿ."

"ನನ್ ರೊಟ್ಟಿ ದಪ್ಪ ಅಂತ ನೆಟ್ಟಗೇ ಹೇಳು" ಅಂದವಳು ಮೂರು ದಿನ ಬರೀ ಮುದ್ದೆ ಹಾಕಿದಳು.

೨. ಟಿಕೆಟ್ ಯಾವೂರಿಗೆ?

ಹೊಳೆನರಸೀಪುರದ ನಿವೃತ್ತ ಮೇಷ್ಟ್ರೊಬ್ಬರು ಬುಟ್ಟಿ ಹತ್ತಿದವರೇ, "ನಮ್ಮೂರ ಕಡೆ ತಿರುಗಿಸಿ, ಮನೆ ತಾರಸಿ ತೋರಿಸ್ತೀನಿ" ಅಂದರು.

ಪೈಲಟ್ಟು ಹೇಳಿದ್ರು: "ಸ್ಟೇರಿಂಗ್ ಇಲ್ಲ ಸಾ. ಮೇಲಿನ ಗಾಳಿ ಒಂದು ಕಡೆ, ಕೆಳಗಿನ ಗಾಳಿ ಇನ್ನೊಂದು ಕಡೆ ಬೀಸ್ತದೆ. ಏರಿ ಇಳಿದು ಬೇಕಾದ ಗಾಳಿ ಹುಡುಕಬೇಕು. ಸಿಗದಿದ್ರೆ ಇಲ್ಲ."

ಅವತ್ತು ಸಿಗಲಿಲ್ಲ. ಕಟ್ಟಾಯದ ಹತ್ತಿರ ಇಳಿದ ಮೇಷ್ಟ್ರು ನನ್ನನ್ನ ಪಕ್ಕಕ್ಕೆ ಕರೆದು ಕೇಳಿದರು: "ಎಲ್ಲಿಗೆ ಹೋಗ್ತದೆ ಅಂತ ನಿಮಗೇ ಗೊತ್ತಿಲ್ಲ. ಟಿಕೆಟ್ ಯಾವೂರಿಗೆ ಅಂತ ಹರಿದ್ರಿ?"

೩. ಉಪ್ಪಿಟ್ಟು, ಕೇಸರಿಬಾತು

ದಂಡಿಗನಹಳ್ಳಿ ಕಡೆ ಒಂದು ಹೆಣ್ಣು ನೋಡೋಕೆ ಹೋದ್ವಿ. ಹುಡುಗಿ ತಟ್ಟೆ ಕೊಡ್ತಾ, "ನೀವು ಬಲೂನ್ ಹತ್ತಿದ್ದೀರಾ?" ಅಂದಳು. "ಇಲ್ಲ, ನಾನು ಕೆಳಗೇ" ಅಂದೆ. ನಕ್ಕಳು. ನನಗೆ ಅಲ್ಲೇ ಮನಸ್ಸು ಕೂತುಬಿಡ್ತು.

ಅವರಪ್ಪ ಕೇಳಿದರು: "ನಾಳೆ ಯಾವೂರಿಗೆ ಓಗ್ತೀಯಪ್ಪ?"

"ಗಾಳಿ ಹೋದ ಕಡೆ, ಯಜಮಾನ್ರೇ."

"ಅದುಕ್ಕೆ ಸ್ಟೇರಿಂಗ್ ಇಲ್ವಾ?"

"ಇಲ್ಲ."

"ಸ್ಟೇರಿಂಗ್ ಇಲ್ದಿದ್ದರ ಹಿಂದೆ ಓಡೋನಿಗೆ ನಾನು ಮಗಳು ಕೊಡಾಕಿಲ್ಲ."

ದಾರಿಯುದ್ದಕ್ಕೂ ಅವ್ವ ಬಲೂನಿಗೆ ಶಾಪ ಹಾಕಿದಳು. ನಾನೂ ಜೊತೆಗೆ ಎರಡು ಹಾಕಿದೆ, ಅಷ್ಟು ಬೇಜಾರಾಗಿತ್ತು.

೪. ಮೇಲಿಂದ ಬಂದ ನೆಂಟರು

ತಿಂಗಳಾದ ಮೇಲೆ, ಒಂದು ಬೆಳಿಗ್ಗೆ ಶಾಂತಿಗ್ರಾಮದ ಕಡೆಯಿಂದ ಹೊರಟ ಬಲೂನು ಗಾಳಿಗೆ ಸಿಕ್ಕಿ ದೂರ ಹೋಯ್ತು. "ಕೊಯ್ದ ರಾಗಿ ಹೊಲ ಕಾಣ್ತಿದೆ, ಹಗ್ಗ ಎಳೆದು ಮೇಲಿನ ಕಿಂಡಿಯಿಂದ ಬಿಸಿಗಾಳಿ ಬಿಡ್ತೀನಿ, ಬಾ" ಅಂತ ಪೈಲಟ್ಟು ವಾಕಿಟಾಕಿಯಲ್ಲಿ ಕೂಗಿದರು. ಹೋಗಿ ನೋಡ್ತೀನಿ, ಅದೇ ಹುಡುಗಿ ಮನೆ ಹಿತ್ತಲ ಹೊಲ!

ಬುಟ್ಟಿಯಲ್ಲಿದ್ದವರು ಮದುವೆ ವಾರ್ಷಿಕೋತ್ಸವದ ಖುಷಿಗೆ ಬಲೂನು ಹತ್ತಿದ್ದ ಒಂದು ಸಂಸಾರ. ಹೆಂಗಸರು ರೇಷ್ಮೆ ಸೀರೆ ಉಟ್ಟಿದ್ದರು, ಕೈಯಲ್ಲಿ ಸಿಹಿ ಡಬ್ಬಿ. ನೋಡಿದವರಿಗೆ ಇನ್ನೇನು ಅನ್ನಿಸಬೇಕು? ಹುಡುಗಿಯ ಅವ್ವ ಆಗಲೇ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದ್ದರು.

"ಒಂದ್ಸಾರಿ ಬ್ಯಾಡ ಅಂದುದ್ಕೆ ಆಕಾಶದಿಂದ ನೆಂಟ್ರುನ್ನ ಇಳಿಸ್ಬುಟ್ಯಲ್ಲಪ್ಪ!" ಅಂದರು ಯಜಮಾನರು.

"ಅಯ್ಯೋ, ಗಾಳಿ ತಂದಿದ್ದು ಯಜಮಾನ್ರೇ. ಅದಕ್ಕೆ ಸ್ಟೇರಿಂಗ್..."

"ಸುಮ್ಕಿರು! ಸ್ಟೇರಿಂಗ್ ಇಲ್ದೆ ಇಷ್ಟು ನೆಟ್ಟಗೆ ನಮ್ಮ ಒಲಕ್ಕೇ ಇಳೀತದಾ?"

ಹಸಿದಿದ್ದ ಆ ಸಂಸಾರ ಉಪ್ಪಿಟ್ಟು ತಿಂದು, ವಿಷಯ ತಿಳಿದು, "ಹುಡುಗ ಚಿನ್ನ" ಅಂತ ಸಾಕ್ಷಿ ಹೇಳಿಯೇ ಎದ್ದಿತು.

ಮದುವೆ ಆಯ್ತು. ಮಾವ ಈಗಲೂ ಊರೆಲ್ಲ ಹೇಳ್ಕೊಂಡು ತಿರುಗ್ತಾರೆ: "ನಮ್ಮಳಿಯ ಬಲೂನನ್ನ ಎಲ್ಲಿಗೆ ಬೇಕೋ ಅಲ್ಲಿಗೇ ಇಳಿಸ್ತಾನೆ." ಒಂದು ಸಲ ನಿಜ ಹೇಳೋಣ ಅಂತ ಬಾಯಿ ತೆಗೆದೆ. ಹೆಂಡತಿ ಮೊಣಕೈ ಚಿವುಟಿದಳು: "ಸುಮ್ನಿರಿ! ಗಾಳಿ ತಂದಿದ್ದು ಅಂತ ಗೊತ್ತಾದ್ರೆ ಅಪ್ಪ ನನ್ನ ವಾಪಸ್ ಕರ್ಕಂಡೋಯ್ತಾರೆ."